ತೋಳಕ್ಕೆ 332 ಎಕರೆ, ಹುಲ್ಲಿಗೆ ಖರಾಬು

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ರಾಜ್ಯದ ಮೊದಲ ತೋಳಧಾಮ ಆಗಿದೆ. (ನವಿಲಿಗೆ ಹೆಸರಾದ ಹಾವೇರಿ ಜಿಲ್ಲೆಯ ಬಂಕಾಪುರ ಬೇರೆ.) ದೇಶದಲ್ಲಿ ಇದಕ್ಕೂ ಮೊದಲು ತೋಳಕ್ಕೆಂದೇ ಮೀಸಲಿಟ್ಟ ಜಾಗ ಜಾರ್ಖಂಡಿನ ಮಹುವಾಡಾಂಡ್, ಅದು 1976ರಷ್ಟು ಹಳೆಯದು. ಹಾಗಾಗಿ ಬಂಕಾಪುರದ ಸುದ್ದಿಗೆ ಸಂತೋಷಪಡುವುದು ಸರಿಯೇ. ಆದರೆ ಧಾಮದ ವಿಸ್ತೀರ್ಣ 332 ಎಕರೆ, ಅಂದರೆ ಸುಮಾರು 1.34 ಚದರ ಕಿಲೋಮೀಟರ್. ನಮ್ಮ ಬಯಲಿನ ತೋಳದ ಒಂದು ಗುಂಪು ಬೇಟೆಗೆ ತಿರುಗುವ ಸೀಮೆ ನೂರು, ಇನ್ನೂರು, ಕೆಲವೆಡೆ ಮುನ್ನೂರು ಚದರ ಕಿಲೋಮೀಟರ್. ಬಂಕಾಪುರ ತೋಳಕ್ಕೆ ಬಾಣಂತಿ ಕೋಣೆ ಇದ್ದಂತೆ. ಬಂಡೆ ಸಂದಿಯಲ್ಲಿ ಮರಿ ಹಾಕಿ ಸಾಕುವುದಕ್ಕೆ ಅಷ್ಟು ಸಾಕು, ಊಟ ಮಾತ್ರ ಹೊರಗಿನಿಂದಲೇ ಬರಬೇಕು.

ಹೊರಗೆ ಇರುವುದು ಕುರಿ. ದಖ್ಖನ್ ಬಯಲಿನಲ್ಲಿ ತೋಳದ ಆಹಾರದ ದೊಡ್ಡ ಪಾಲು ಸಾಕುಪ್ರಾಣಿಗಳದ್ದು; ಮೊಲ, ಇಲಿ, ಚಿಗರಿ (ಕೃಷ್ಣಮೃಗ) ಮರಿ ಆಮೇಲಿನ ಮಾತು. ತೋಳದ ಹಣೆಬರಹ ಕುರಿಗಾಹಿಯ ಹಣೆಬರಹಕ್ಕೆ ಅಂಟಿಕೊಂಡಿದೆ, ಕುರಿಗಾಹಿಯದು ಹುಲ್ಲಿಗೆ, ಕೊಯ್ಲಾದ ಹೊಲಕ್ಕೆ ಮತ್ತು ಇವೆರಡರ ನಡುವಿನ ದಾರಿಗೆ. ಸರ್ಕಾರ ಇವನ್ನೆಲ್ಲ ಬಿಡಿಬಿಡಿಯಾಗಿ ನೋಡುತ್ತದೆ. ತೋಳ ಅರಣ್ಯ ಇಲಾಖೆಗೆ, ಕುರಿ ಪಶುಸಂಗೋಪನೆಗೆ, ಗೋಮಾಳ ಕಂದಾಯಕ್ಕೆ, ಹೊಲ ಕೃಷಿಗೆ. ಹುಲ್ಲನ್ನು ಬಿತ್ತಿಸುವ ಇಲಾಖೆ ಇದೆ, ಇದ್ದ ಹುಲ್ಲನ್ನು ಇದ್ದಂತೆ ಉಳಿಸುವ ಇಲಾಖೆ ಮಾತ್ರ ಇಲ್ಲ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಹಾವೇರಿಯಿಂದ ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ ಹಾದು ಪಾವಗಡ, ಮಧುಗಿರಿಯವರೆಗಿನ ಬಯಲುಸೀಮೆ ನಡೆಯುವ ಬಗೆಯನ್ನು ಬಿಡಿಸಿ ನೋಡಲು ಇದು ಸಕಾಲ.

ಬಯಲಿನ ಸರದಿ

ಇದು ಪಶ್ಚಿಮಘಟ್ಟದ ಮಳೆನೆರಳಿನ ಸೀಮೆ. ಚಳ್ಳಕೆರೆ, ಪಾವಗಡದ ಕಡೆ ವರ್ಷದ ಮಳೆ 600 ಮಿಲಿಮೀಟರಿಗಿಂತ ಕಡಿಮೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಳುತ್ತದೆ. ಚಿತ್ರದುರ್ಗ, ತುಮಕೂರಿನ ಮಸಾರಿಯಲ್ಲಿ ಶೇಂಗಾ, ರಾಗಿ, ನವಣೆ. ರಾಣೆಬೆನ್ನೂರು, ಕೊಪ್ಪಳ, ಸಿರುಗುಪ್ಪದ ಎರೆಯಲ್ಲಿ ಜೋಳ, ಕಡಲೆ, ಹತ್ತಿ. ನಡುನಡುವೆ ನೇಗಿಲು ಇಳಿಯದ ಜಾಗಗಳಿವೆ: ಗೇಣುದ್ದದ ಮಣ್ಣು, ಅದರಡಿ ಗರಸು, ಅದರಡಿ ಬಂಡೆ. ಅಲ್ಲಿ ಮರ ಎತ್ತರಕ್ಕೆ ಏರುವುದಿಲ್ಲ. ಕರಡ, ಗರಿಕೆ, ಅಲ್ಲಲ್ಲಿ ಕಾರೆ, ಎಲಚಿ, ತಂಗಡಿ. ಇದು ಹಾಳಾದ ಕಾಡಲ್ಲ, ಮೊದಲಿನಿಂದಲೂ ಹುಲ್ಲಿನ ನೆಲ. ಚಿಗರಿ, ತೋಳ, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಇಲ್ಲೇ ಬೆಳೆದುಬಂದದ್ದು ಅದಕ್ಕೇ.

ಜೂನಿನಿಂದ ನವೆಂಬರಿನವರೆಗೆ ಹೊಲಗಳಲ್ಲಿ ಬೆಳೆ ಇರುತ್ತದೆ, ಕುರಿಗಳು ಕಾವಲು (ಮೀಸಲಿಟ್ಟ ಹುಲ್ಲುಗಾವಲು), ಗೋಮಾಳ, ಗುಡ್ಡದಲ್ಲಿ ಇರಬೇಕು. ಮೊದಲ ಮಳೆಗೆ ಎದ್ದ ಎಳೆ ಹುಲ್ಲನ್ನು ಹಸಿದ ಕುರಿ ಏಕಾಏಕಿ ಮೇದರೆ ಕರುಳುಬೇನೆ ಬರುತ್ತದೆ, ಸಂಜೆ ಚೆನ್ನಾಗಿದ್ದ ಕೊಬ್ಬಿದ ಮರಿಯೇ ಬೆಳಗ್ಗೆ ಸತ್ತು ಬಿದ್ದಿರುತ್ತದೆ. ಲಸಿಕೆ ಮಳೆಗೆ ಮುಂಚೆ, ಮೇ ತಿಂಗಳೊಳಗೆ ಆಗಬೇಕು. ಮಳೆ ಬಿದ್ದ ಮೇಲೆ ಹಾಕಿಸಿದ್ದು ಆ ವರ್ಷದ ಮೊದಲ ಹುಲ್ಲಿಗೆ ಉಪಯೋಗಕ್ಕೆ ಬಾರದು. ಅಕ್ಟೋಬರ್ ಮುಗಿಯುವಾಗ ಕೆಲವು ಹುಲ್ಲಿಗೆ ಊಬು ಬಲಿತು ಉಣ್ಣೆಯೊಳಗೆ ಹೊಕ್ಕು ಚರ್ಮ ಚುಚ್ಚುತ್ತದೆ. ಅನುಭವಿ ಕುರಿಗಾಹಿ ಅಂಥ ಜಾಗವನ್ನು ಊಬು ಮೂಡುವ ಮೊದಲೇ ಮೇಯಿಸಿ ಮುಗಿಸಿರುತ್ತಾನೆ.

ಡಿಸೆಂಬರಿನಿಂದ ಚಿತ್ರ ಬದಲಾಗುತ್ತದೆ. ಕೊಯ್ಲಾದ ಹೊಲಗಳು ಮಂದೆಗೆ ತೆರೆದುಕೊಳ್ಳುತ್ತವೆ, ಹಲವು ಮಂದೆಗಳು ತುಂಗಭದ್ರಾ, ಭದ್ರಾ ನೀರಾವರಿಯ ಕಡೆಗೆ ಹೊರಡುತ್ತವೆ. ಹೊಲದವರು ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ, ಅದಕ್ಕೆ ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ಒಂದು ಕುರಿ ರಾತ್ರಿಗೆ ಸುಮಾರು ಅರ್ಧ ಕಿಲೋ ಹಿಕ್ಕೆ ಹಾಕುತ್ತದೆಂದು ಹಿಡಿದರೆ ಸಾವಿರ ಕುರಿ ಎರಡು ರಾತ್ರಿಯಲ್ಲಿ ಒಂದು ಟನ್, ಗಂಜಲ ಬೇರೆ. ಕುರಿಗೊಬ್ಬರದಲ್ಲಿ ಸಾರಜನಕ ದನದ ಸಗಣಿಗಿಂತ ಹೆಚ್ಚು. ಆದರೆ ಮಂದೆ ಎದ್ದ ಮರುದಿನವೇ ಕುಂಟೆ ಹೊಡೆದು ಮಣ್ಣು ಮುಚ್ಚಬೇಕು, ಬಿಸಿಲಿಗೆ ಬಿಟ್ಟರೆ ಆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ದುಡ್ಡು ಕೊಟ್ಟು ಕುರಿ ತರುಬಿಸಿ ವಾರಗಟ್ಟಲೆ ಹೊಲ ಹಾಗೇ ಬಿಡುವವರು ಈಗ ಹೆಚ್ಚಾಗಿದ್ದಾರೆ, ಎತ್ತು ಇಲ್ಲ, ಬಾಡಿಗೆ ಟ್ರ್ಯಾಕ್ಟರ್ ಬೇಕೆಂದಾಗ ಸಿಗುವುದಿಲ್ಲ.

2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ಮೂರನೇ ಸ್ಥಾನ ನಮ್ಮದೇ. ಕುರುಬರು, ಕಾಡುಗೊಲ್ಲರು, ಚಳ್ಳಕೆರೆ ಮೊಳಕಾಲ್ಮುರಿನ ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು, ಎಲ್ಲರೂ ಈ ಸರದಿಯ ಮೇಲೆಯೇ ನಿಂತವರು.

ಹಳೆಯ ಆಡಳಿತಕ್ಕೆ ಗೊತ್ತಿದ್ದದ್ದು

ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಸೈನ್ಯದ ಫಿರಂಗಿ, ಸಾಮಾನು ಎಳೆಯುವ ದನಗಳಿಗಾಗಿ ಊರೂರಲ್ಲಿ ಕಾವಲುಗಳನ್ನು ಮೀಸಲಿಟ್ಟರು. ಆ ವ್ಯವಸ್ಥೆಯಲ್ಲಿ ಮೆಚ್ಚಬೇಕಾದ್ದು ವಿಂಗಡಣೆ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ಬೇಸಿಗೆಯದಕ್ಕೆ ನೀರು, ನೆರಳು, ಕೆರೆಯಂಗಳದ ಹಸಿರು ಇರಬೇಕು. ಮಳೆಗಾಲದ್ದು ನೀರು ನಿಲ್ಲದ ಗರಸು ನೆಲದಲ್ಲಿ. ದನಗಳು ಒಂದರಿಂದ ಒಂದಕ್ಕೆ ನಡೆಯುತ್ತಿದ್ದವು, ನಡೆದಷ್ಟು ಕಾಲ ಹಿಂದಿನ ಕಾವಲು ಬೀಜ ಕಟ್ಟಿಕೊಳ್ಳುತ್ತಿತ್ತು. ಒಂದು ಕಾವಲು ಕೈಬಿಟ್ಟರೆ ಸರದಿಯ ಒಂದು ಋತುವೇ ಕಳಚುತ್ತದೆ, ಮಿಕ್ಕ ಎರಡರ ಮೇಲೆ ಭಾರ ಬಿದ್ದು ಅವೂ ಸವೆಯುತ್ತವೆ. ಸವೆದ ಮೇಲೆ ನೋಡಿ ‘ಇದು ಬರಡು, ಬೇರೆಯದಕ್ಕೆ ಕೊಡಬಹುದು’ ಎಂದು ಕಡತ ಬರೆಯುತ್ತಾರೆ.

ಚಳ್ಳಕೆರೆಯ ಕುದಾಪುರ, ಉಳ್ಳಾರ್ತಿ ಮೊದಲಾದ ಕಾವಲುಗಳಲ್ಲಿ ಹೀಗೆಯೇ ಆಯಿತು. 2007ರಿಂದ 2010ರ ನಡುವೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573 ಎಕರೆ ಹಂಚಿಕೆಯಾಯಿತು. ಸುತ್ತಲ ಹಳ್ಳಿಯವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ದೇಶಕ್ಕೆ ಇಂಥ ಸಂಸ್ಥೆಗಳು ಬೇಡವೆಂದು ಯಾರೂ ಅನ್ನಲಿಲ್ಲ. ಆಕ್ಷೇಪ ಇದ್ದದ್ದು ಆ ಜಾಗದಲ್ಲಿ ಯಾರೂ ಇಲ್ಲ ಎಂಬಂತೆ ನಕ್ಷೆ ಬರೆದದ್ದಕ್ಕೆ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬರುತ್ತಿದ್ದದ್ದು ಇಂಥ ನೆಲದ ಮೇಲೆ ಮೇದ ಕರಿ ಕುರಿಯಿಂದಲೇ.

ಖರಾಬು ಎಂಬ ಲೆಕ್ಕ

ಪಹಣಿಯಲ್ಲಿ ಇಂಥ ನೆಲ ಖರಾಬು, ಗೋಮಾಳ, ಹುಲ್ಲುಬನ್ನಿ ಎಂದೆಲ್ಲ ಇರುತ್ತದೆ. ಉಳುಮೆಗೆ ಬಾರದ, ಕಂದಾಯ ಹುಟ್ಟದ ನೆಲ ಎಂಬುದೇ ಈ ಲೆಕ್ಕದ ಮೂಲ. ಕೇಂದ್ರದ ಬಂಜರು ಭೂಮಿ ನಕಾಶೆಯಲ್ಲೂ ಕುರುಚಲು, ಹುಲ್ಲಿನ ನೆಲದ ಬಹುಭಾಗ ‘ಬಂಜರು’ ಪಟ್ಟಿಗೆ ಹೋಗುತ್ತದೆ.

ಕರ್ನಾಟಕ ಭೂಕಂದಾಯ ನಿಯಮಗಳ (1966) 97ನೇ ನಿಯಮದಂತೆ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ‘ಹೆಚ್ಚುವರಿ’, ಮಂಜೂರು ಮಾಡಬಹುದು. ತೊಡಕು ಎಣಿಕೆಯಲ್ಲಿದೆ. ಊರಿನಲ್ಲಿ ಎಣಿಸುವ ದಿನ ಮಂದೆ ನೂರು ಕಿಲೋಮೀಟರ್ ಆಚೆ ಇರಬಹುದು. ಹೊರಗಿನಿಂದ ವರ್ಷಕ್ಕೆ ಎರಡು ತಿಂಗಳು ಬಂದು ಮೇಯುವ ಮಂದೆ ಯಾವ ಊರಿನ ಲೆಕ್ಕಕ್ಕೂ ಸೇರುವುದಿಲ್ಲ. ಚಿಗರಿಯನ್ನಂತೂ ಯಾರೂ ಜಾನುವಾರು ಎಂದು ಎಣಿಸುವುದಿಲ್ಲ. ಹೀಗೆ ಎಣಿಕೆ ಕುಗ್ಗಿದಷ್ಟೂ ‘ಹೆಚ್ಚುವರಿ’ ಹಿಗ್ಗುತ್ತದೆ. ಬಗರ್‌ಹುಕುಂ ಸಕ್ರಮಕ್ಕೆ ನಮೂನೆ 50, ಆಮೇಲೆ 53, ಆಮೇಲೆ 57 ಎಂದು ಮತ್ತೆ ಮತ್ತೆ ಬಾಗಿಲು ತೆರೆದದ್ದರಿಂದ ಗೋಮಾಳದ ಅಂಚು ಪ್ರತಿ ಸುತ್ತಿಗೂ ಒಳಗೆ ಸರಿದಿದೆ. ಭೂಮಿ ಇಲ್ಲದವರಿಗೆ ಎರಡೆಕರೆ ಸಿಕ್ಕಿದ್ದನ್ನು ತಪ್ಪೆನ್ನಲಾಗದು. ಆದರೆ ಆ ಭೂಮಿ ಬಂದದ್ದು ಅವರಿಗಿಂತ ಬಲಿಷ್ಠರ ಜಮೀನಿನಿಂದಲ್ಲ, ಅವರಷ್ಟೇ ಬಡವನಾದ ಕುರಿಗಾಹಿಯ ಮೇವಿನಿಂದ.

ಗಿಡ ನೆಟ್ಟು ಕೆಡಿಸಿದ್ದು

ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರಲ್ಲಿ ಆಯಿತು, 119 ಚದರ ಕಿಲೋಮೀಟರ್. ಹುಲ್ಲಿನ ಪ್ರಾಣಿಗೆ ಧಾಮ, ಆದರೆ ನೆಲದ ಬಹುಭಾಗದಲ್ಲಿ ಹುಲ್ಲಿನ ಬದಲು ನೀಲಗಿರಿ. ನೆಡುವುದು ಧಾಮ ಆಗುವ ಮೊದಲೇ, 1950ರ ದಶಕದಲ್ಲೇ ಶುರುವಾಗಿತ್ತು. ಚಿಗರಿ ಕಣ್ಣನ್ನು ನಂಬಿ ಬದುಕುವ ಪ್ರಾಣಿ. ದೂರದಿಂದಲೇ ಅಪಾಯ ಕಂಡು ಓಡುವುದೇ ಅದರ ರಕ್ಷಣೆ. ಮರ ದಟ್ಟವಾದಾಗ ನೋಟ ಮುಚ್ಚುತ್ತದೆ, ನೆರಳಿಗೆ ಹುಲ್ಲು ತೆಳುವಾಗುತ್ತದೆ, ಪ್ರಾಣಿ ಹೊಲಕ್ಕೆ ಇಳಿಯುತ್ತದೆ. ಎರ್ಲಡ್ಡು ಅಲ್ಲಿಂದ ಮಾಯವೇ ಆಯಿತು. ಈಗ ಇಡೀ ದೇಶದಲ್ಲಿ ಆ ಹಕ್ಕಿ ಉಳಿದಿರುವುದು 150ಕ್ಕೂ ಕಡಿಮೆ, ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು.

ಇದರಿಂದ ಪಾಠ ಕಲಿತದ್ದು ಕಡಿಮೆ. ಕಾಡು ಕಡಿದದ್ದಕ್ಕೆ ಬದಲಾಗಿ ಬೇರೆಡೆ ಗಿಡ ನೆಡಬೇಕಾದಾಗ ಮೊದಲು ಕಣ್ಣಿಗೆ ಬೀಳುವುದು ಇನ್ನೂ ಬಯಲು ಹುಲ್ಲೇ. ಜೆಸಿಬಿಯಲ್ಲಿ ಉದ್ದುದ್ದ ಕಂದಕ ತೆಗೆದು, ಗರಸನ್ನು ಮೇಲಕ್ಕೆ ಹಾಕಿ ಸಸಿ ಇಡುತ್ತಾರೆ. ಗೇಣುದ್ದದ ಮೇಲ್ಮಣ್ಣಿನಲ್ಲೇ ಇದ್ದ ಬಹುವಾರ್ಷಿಕ ಹುಲ್ಲಿನ ಬೇರು ಅಲ್ಲಿಗೆ ಹೋಯಿತು. ಎರಡು ಬೇಸಿಗೆಯಲ್ಲಿ ಸಸಿಗಳಲ್ಲಿ ಬಹಳಷ್ಟು ಒಣಗುತ್ತವೆ. ಕಂದಕದ ದಿಂಡಿನ ಮೇಲೆ ಬಳ್ಳಾರಿ ಜಾಲಿ ಏಳುತ್ತದೆ. ಅದರ ಕಾಯಿಯನ್ನು ಕುರಿಯೇ ಬೇಸಿಗೆಯಲ್ಲಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಹರಡುತ್ತದೆ. ಮೇವಿಲ್ಲದೆ ಜಾಲಿಕಾಯಿಗೆ ಹೋದ ಮಂದೆ ತನ್ನ ಮುಂದಿನ ವರ್ಷದ ಮೇವನ್ನು ತಾನೇ ಕಳೆದಂತಾಯಿತು. ಮಧುಗಿರಿಯ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಿಸಿದ 798 ಎಕರೆಯ ಕೃಷ್ಣಮೃಗ ಮೀಸಲಿನಲ್ಲಿ ಮಾಡಬೇಕಾದ ಕೆಲಸ ಯಾವುದೆಂದರೆ ಹೊಸ ಗಿಡ ನೆಡದಿರುವುದು, ಜಾಲಿ ಬೇರುಸಹಿತ ಕೀಳುವುದು. ಜಾಲಿಯನ್ನು ಬುಡಕ್ಕೆ ಕಡಿದರೆ ಸಾಲದು, ಒಂದಕ್ಕೆ ಹತ್ತು ಚಿಗುರುತ್ತದೆ.

ಬಿಸಿಲೂ ನೀರೂ

ಪಾವಗಡ ಸೌರ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ನಾಗಲಮಡಿಕೆ ಹೋಬಳಿಯ ಐದು ಊರುಗಳ ಜಮೀನು. ಕೊಂಡದ್ದಲ್ಲ, ಗುತ್ತಿಗೆ: ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರಪೀಡಿತ ತಾಲ್ಲೂಕಿನಲ್ಲಿ ಶೇಂಗಾ ನಂಬಿ ಸೋತ ಜಮೀನುದಾರನಿಗೆ ಇದು ನಿಜವಾದ ಆಸರೆ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳುಬಿಟ್ಟ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿಯ ಹೊರಗಿನ ಜಾಗ. ಪರಿಹಾರ ಕಷ್ಟದ್ದೇನಲ್ಲ. ಪ್ಯಾನೆಲ್ ಕೆಳಗಿನ ಹುಲ್ಲನ್ನು ಹೇಗಿದ್ದರೂ ಕೂಲಿ ಕೊಟ್ಟು ಕತ್ತರಿಸಬೇಕು, ನೆರಳು ಬಿದ್ದರೆ ವಿದ್ಯುತ್ ಇಳಿಯುತ್ತದೆ, ಒಣಗಿದರೆ ಬೆಂಕಿಯ ಭಯ. ಪ್ಯಾನೆಲ್ ಏರುವ ಆಡು ಬೇಡ, ಕುರಿ ಸಾಕು. ಕೇಬಲ್ಲನ್ನು ಕೊಳವೆಯೊಳಗೆ ಹಾಯಿಸಿ ಸರದಿಯಲ್ಲಿ ಮೇಯಲು ಬಿಡುವ ಷರತ್ತು ಮುಂದಿನ ಗುತ್ತಿಗೆ ಪತ್ರಗಳಲ್ಲಾದರೂ ಬರಬೇಕು.

ಭದ್ರಾ ಮೇಲ್ದಂಡೆ ಇನ್ನೊಂದು ಬದಲಾವಣೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳಲ್ಲಿ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಅದರ ಗುರಿ. ಈ ಸೀಮೆ ನೀರಿಗೆ ಕಾದದ್ದು ದಶಕಗಟ್ಟಲೆ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೆರೆದರು. ನೀರು ಬಂದ ಹೊಲ ಡಿಸೆಂಬರಿನಲ್ಲಿ ಖಾಲಿ ಇರುವುದಿಲ್ಲ, ಅಡಿಕೆ ಕಟ್ಟಿದರೆ ಯಾವಾಗಲೂ ಖಾಲಿ ಇರುವುದಿಲ್ಲ. ಕುರಿಯ ಬೇಸಿಗೆ ಮೇವು, ಚಿಗರಿಯ ಓಡಾಟದ ಬಯಲು ಎರಡೂ ಇಲ್ಲಿ ಒಟ್ಟಿಗೆ ಮುಚ್ಚುತ್ತವೆ. ಕಾಲುವೆ ನಕ್ಷೆ ಮಾಡಿದವರು ಕುರಿ ದಾರಿಗೆಂದು ಅಲ್ಲಲ್ಲಿ ಅಗಲವಾದ ಸೇತುವೆ, ಇಳಿಜಾರು ನೀರುತಾಣ ಬಿಟ್ಟಿದ್ದರೆ ಖರ್ಚು ಅತ್ಯಲ್ಪ. ಕಾಲುವೆ ಕಟ್ಟಿದ ಮೇಲೆ ಒಡೆದು ಮಾಡಲು ಯಾರೂ ಬರುವುದಿಲ್ಲ.

ತೋಳ, ಕುರಿ, ಪರಿಹಾರದ ಕಾಗದ

ತೋಳ ನವೆಂಬರಿನಿಂದ ಜನವರಿಯ ಹೊತ್ತಿಗೆ ಮರಿ ಹಾಕುತ್ತದೆ, ಹಳ್ಳದ ದಂಡೆ, ಬಂಡೆ ಸಂದಿ, ಜಾಲಿ ಪೊದೆಯ ಅಡಿ. ಮುಂದಿನ ಮೂರು ನಾಲ್ಕು ತಿಂಗಳು ಗುಂಪು ಆ ಗವಿಯ ಸುತ್ತಲೇ ಬೇಟೆಯಾಡುತ್ತದೆ. ಗವಿಗೆ ಹೊಗೆ ಹಾಕಿ ಮರಿ ಕೊಲ್ಲುವುದೂ ಇದೇ ಕಾಲದಲ್ಲಿ. ವನ್ಯಜೀವಿ ಕಾಯ್ದೆಯಲ್ಲಿ ತೋಳ ಮೊದಲನೇ ಪಟ್ಟಿಯ ಪ್ರಾಣಿ, ಹುಲಿಗೆ ಇರುವಷ್ಟೇ ರಕ್ಷಣೆ ಕಾಗದದ ಮೇಲಿದೆ.

ಹಗಲಿನಲ್ಲಿ ತೋಳ ಮಂದೆಯ ಹಿಂಬಾಲಕ್ಕೆ ಹೊಂಚುತ್ತದೆ. ಕುಂಟುವ ಕುರಿ, ಹಿಂದೆ ಬಿದ್ದ ಮರಿ ಮೊದಲು ಹೋಗುವುದು. ಹಾಗಾಗಿ ಇನ್ನೂರು ಕುರಿಗೆ ಒಬ್ಬನೇ ಮುಂದೆ ನಡೆದರೆ ಹಿಂದೆ ಆದದ್ದು ಸಂಜೆ ಎಣಿಸುವವರೆಗೆ ತಿಳಿಯದು. ಜಾಲಿ ಪೊದೆ, ಹಳ್ಳ ದಾಟುವಾಗಲಾದರೂ ಹಿಂದೊಬ್ಬ ಬೇಕು. ರಾತ್ರಿ ಊರಿನ ರೊಪ್ಪಕ್ಕೆ ಜಾಲಿ ಮುಳ್ಳನ್ನು ಬುಡ ಒಳಕ್ಕೆ, ತುದಿ ಹೊರಕ್ಕೆ ಇಟ್ಟು ಎದೆಮಟ್ಟ ಕಟ್ಟಬೇಕು. ವಲಸೆಯಲ್ಲಿ ಗೂಟಕ್ಕೆ ಕಟ್ಟುವ ನೈಲಾನ್ ಬಲೆ ಹಗುರ, ಕತ್ತೆಯ ಮೇಲೋ ಗಾಡಿಯಲ್ಲೋ ಸಾಗಿಸಬಹುದು. ಆದರೆ ಅದು ಕುರಿಯನ್ನು ಒಳಗಿಡುತ್ತದೆ, ತೋಳವನ್ನು ಹೊರಗಿಡದು. ತೋಳ ಸುಳಿದ ವಾಸನೆಗೇ ಮಂದೆ ಬೆದರಿ ಒಂದು ಮೂಲೆಗೆ ನುಗ್ಗಿ ಬಲೆ ಬಿದ್ದರೆ, ಚೆದುರಿದ ಕುರಿಗಳಲ್ಲೇ ಹೆಚ್ಚು ನಷ್ಟ. ಮೂಲೆ ಗೂಟಗಳನ್ನು ಆಳಕ್ಕೆ ಹೊಡೆದು, ಬಲೆಯನ್ನು ಚೌಕಕ್ಕಿಂತ ದುಂಡಗೆ ಕಟ್ಟಿದರೆ ಕುರಿ ಒತ್ತರಿಸಿಕೊಳ್ಳುವ ಮೂಲೆಯೇ ಇರದು. ಎಳೆ ಮರಿಗಳು ದೊಡ್ಡ ಬಿದಿರು ಬುಟ್ಟಿಯಡಿ, ಬುಟ್ಟಿ ಮಲಗುವವರ ಹತ್ತಿರ.

ಪಿಪಿಆರ್ ಎಂಬ ಅಂಟುರೋಗ ಹೊಕ್ಕ ಮಂದೆಯಲ್ಲಿ ಒಂದು ವಾರದಲ್ಲಿ ಸಾಯುವಷ್ಟನ್ನು ತೋಳ ವರ್ಷವಿಡೀ ಹೊತ್ತರೂ ಹೊರಲಾರದು. ಆದರೂ ಸಿಟ್ಟು ತೋಳದ ಮೇಲೆ, ರೋಗಕ್ಕೆ ಮುಖವಿಲ್ಲ. ಆ ಸಿಟ್ಟು ಇಳಿಯಬೇಕಾದರೆ ಪರಿಹಾರ ಬೇಗ ಬರಬೇಕು. ಆಕಸ್ಮಿಕವಾಗಿ ಸತ್ತ ಕುರಿಗೆ ‘ಅನುಗ್ರಹ’ ಯೋಜನೆಯಲ್ಲಿ ಬಹುಕಾಲ 5,000 ರೂಪಾಯಿ ಇತ್ತು, 2025-26ರ ಬಜೆಟ್ಟಿನಲ್ಲಿ ಅದನ್ನು 7,500ಕ್ಕೆ ಏರಿಸಲಾಯಿತು. ಹೊಡೆತ ಬೀಳುವುದು ವಿಧಾನದಲ್ಲಿ: ಪಶುವೈದ್ಯರ ಮರಣೋತ್ತರ ಪರೀಕ್ಷೆ ಬೇಕು, ಅಂದರೆ ಶವ ಬೇಕು. ತೋಳ ಹೊತ್ತೊಯ್ದ ಮರಿಗೆ ಶವವೆಲ್ಲಿ? ಬೇರೆ ಜಿಲ್ಲೆಯಲ್ಲಿ ಮಂದೆ ಇದ್ದಾಗ ಯಾವ ಆಸ್ಪತ್ರೆ, ಯಾವ ವಲಯ ಕಚೇರಿ? ಕಾಗದಕ್ಕಾಗಿ ಎರಡು ದಿನ ಮಂದೆ ನಿಲ್ಲಿಸಿದರೆ ಮೇವಿನ ಗತಿಯೇನು? ಹೀಗಾಗಿ ಬಹುಪಾಲು ಸಾವು ವರದಿಯೇ ಆಗುವುದಿಲ್ಲ, ವರದಿಯಾಗದ್ದರಿಂದ ಸಮಸ್ಯೆ ಇಲ್ಲವೆಂದಾಗುತ್ತದೆ. ಸದ್ಯಕ್ಕೆ ಮಾಡಬಹುದಾದ್ದು ಇಷ್ಟು: ಶವ ಸಿಕ್ಕಿದ್ದರೆ ಸ್ಥಳ, ಸಮಯ ಮೂಡುವಂತೆ ಜಿಪಿಎಸ್ ಫೋಟೊ, ಕಿವಿಯೋಲೆ ಇದ್ದರೆ ಅದರ ಸಂಖ್ಯೆ ಕಾಣಬೇಕು, ಕುತ್ತಿಗೆಯ ಕಡಿತ, ಸುತ್ತಲ ಹೆಜ್ಜೆಯ ಚಿತ್ರ, ಹತ್ತಿರದ ಹೊಲದವರ ಸಾಕ್ಷಿ, ಆ ದಿನವೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿದ್ದರ ಗುರುತು. ಬೀದಿನಾಯಿಯ ಕಡಿತವಾದರೆ ಸಾಮಾನ್ಯವಾಗಿ ತೊಡೆ, ಹಿಂಭಾಗ ಹರಿದು, ಹಲವು ಕುರಿಗೆ ಗಾಯ, ತಿಂದದ್ದು ಕಡಿಮೆ. ನಾಯಿಯ ಲೆಕ್ಕ ತೋಳದ ತಲೆಗೆ ಬೀಳುವುದು ಈ ಸೀಮೆಯಲ್ಲಿ ಅಪರೂಪವಲ್ಲ.

ಚಿಗರಿ ಕಾಟದಲ್ಲೂ ಇಂಥದೇ ಕಾಗದದ ತೊಡಕಿದೆ. ಮೊಳಕೆ ಒಡೆದ ಮೊದಲ ತಿಂಗಳಲ್ಲಿ ಅದು ಮೆಕ್ಕೆಜೋಳ, ಜೋಳ, ಶೇಂಗಾದ ಸುಳಿ ಚಿವುಟುತ್ತದೆ. ರೈತ ಹದ ತಪ್ಪಬಾರದೆಂದು ಮೂರೇ ದಿನದಲ್ಲಿ ಮರುಬಿತ್ತನೆ ಮಾಡುತ್ತಾನೆ, ಮಹಜರಿಗೆ ಬಂದವರಿಗೆ ಹಸಿರು ಹೊಲ ಕಾಣುತ್ತದೆ. ಅರಣ್ಯ ಇಲಾಖೆಯ ಇ-ಪರಿಹಾರ ಜಾಲತಾಣದಲ್ಲಿ ಅರ್ಜಿ ಹಾಕುವವರು ಮರುಬಿತ್ತನೆಗೆ ಮೊದಲೇ ಫೋಟೊ ತೆಗೆದಿಡಬೇಕು, ಬೀಜದ ಎರಡನೇ ರಸೀದಿ ಕಳೆಯಬಾರದು. ನಿಯಮ ಮಾಡುವವರು ಎರಡನೇ ಬಿತ್ತನೆಯ ಬೀಜ, ಉಳುಮೆಯ ಖರ್ಚನ್ನೇ ನಷ್ಟವೆಂದು ಒಪ್ಪಿದರೆ ಅರ್ಧ ಜಗಳ ಮುಗಿಯುತ್ತದೆ.

ಊರಿನ ಕೈಲಿರುವುದು

ಅರಣ್ಯವೆಂದು ದಾಖಲಾದ ಕಾವಲಿನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಡಿ) ಕಲಂ ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರ ಋತುಮಾನದ ಹಕ್ಕನ್ನೂ ಹೇಳುತ್ತದೆ. ಪರಿಶಿಷ್ಟ ಪಂಗಡದವರಲ್ಲದ ಕುರಿಗಾಹಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ಆಧಾರ ತೋರಿಸಬೇಕು. ಮೇಯಿಸಲು ರಸೀದಿ ಕೊಡದ ಕಾಲದ ಆಧಾರ ಎಲ್ಲಿಂದ ತರುವುದು? ಹಳೆಯ ಗೆಜೆಟಿಯರ್, ಕಾವಲು ಹರಾಜಿನ ಕಡತ, ಗುಡಿಯ ಜಾತ್ರೆಗೆ ಮಂದೆ ಬರುವ ವಾಡಿಕೆ, ಹಿರಿಯರ ಹೇಳಿಕೆ, ಇವು ನಿಯಮದಂತೆ ಒಪ್ಪುವ ಆಧಾರಗಳೇ. ವೈಯಕ್ತಿಕ ಹಕ್ಕಿನ ಅರ್ಜಿಗಳ ಗದ್ದಲದಲ್ಲಿ ಸಮುದಾಯದ ಹಕ್ಕಿನ ನಮೂನೆ ಕೇಳಿದವರೇ ಕಡಿಮೆ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ದಾಖಲೆ ಪುಸ್ತಕದಲ್ಲಿ ಮಂದೆ ಬರುವ ತಿಂಗಳು, ದಾರಿ, ನೀರು ಕುಡಿಯುವ ಕಟ್ಟೆ ಬರೆಸಿಟ್ಟರೆ ಮುಂದೆ ಗೋಮಾಳದ ಎಣಿಕೆಗೂ ಅದು ಒದಗುತ್ತದೆ.

ಬಂಕಾಪುರಕ್ಕೆ ಮರಳಿದರೆ, ಅಲ್ಲಿ ತುರ್ತಾಗಿ ಆಗಬೇಕಾದ್ದು ಬೇಲಿಯೂ ಅಲ್ಲ, ಪ್ರವಾಸಿಗರ ವೀಕ್ಷಣಾ ಗೋಪುರವೂ ಅಲ್ಲ. ಹುಚ್ಚುನಾಯಿ ರೋಗ, ಡಿಸ್ಟೆಂಪರ್ ಎರಡೂ ನಾಯಿಯಿಂದ ತೋಳಕ್ಕೆ ದಾಟುತ್ತವೆ, ಒಂದೇ ರೋಗಕ್ಕೆ ಇಡೀ ಗುಂಪು ಹೋಗಬಹುದು. ಸುತ್ತಲ ಹತ್ತು ಕಿಲೋಮೀಟರಿನ ಹಳ್ಳಿಗಳ ನಾಯಿಗಳಿಗೂ ಮಂದೆಯ ಜೊತೆ ಬರುವ ನಾಯಿಗಳಿಗೂ ಮರಿ ಹಾಕುವ ಕಾಲಕ್ಕೆ ಮೊದಲೇ, ಅಕ್ಟೋಬರಿನೊಳಗೆ ಎರಡೂ ಲಸಿಕೆ ಆಗಬೇಕು. ಅದೇ ಶಿಬಿರಕ್ಕೆ ಪಿಪಿಆರ್ ಲಸಿಕೆಯನ್ನೂ ತಂದರೆ ಕುರಿಗಾಹಿ ತಾನಾಗಿಯೇ ನಾಯಿಯನ್ನು ಹಿಡಿದು ತರುತ್ತಾನೆ. ನಾಯಿಗಷ್ಟೇ ಶಿಬಿರ ಎಂದರೆ ಯಾರೂ ಒಂದು ದಿನದ ಮೇವು ಬಿಟ್ಟು ಬರುವುದಿಲ್ಲ.